ಬೇಸಿಗೆಯಲ್ಲಿ ಬಾವಿಗೆ ಕಡಲ ನೀರು: ಕುದಿಸಬೇಕೋ, ಸೋಸಬೇಕೋ, ಬಾವಿ ಇನ್ನೂ ತೋಡಬೇಕೋ?

(ಇದು ಪ್ರಶ್ನೋತ್ತರ. ಬೇಲೆಮನೆ, ಸಿಲ್ವರ್ ನೈಟ್ರೇಟ್, ಹಂಡೆಒಲೆ ಮುಂತಾದವು ಬರೆದವರ ಅಡ್ಡಹೆಸರು.)

ಬೇಲೆಮನೆ ಕೇಳಿದ್ದು:

ಜಾಗ ಕುಮಟಾ ತಾಲೂಕಿನ ಕರಾವಳಿ, ಅಘನಾಶಿನಿ ಅಳಿವೆಯಿಂದ ಸುಮಾರು 300 ಮೀಟರ್ ಒಳಗೆ. ಬಾವಿ 7 ಮೀಟರ್ ಆಳ, 2 ಮೀಟರ್ ಅಗಲ. ಮೇಲಿನ 3 ಮೀಟರ್ ಹೊಯಿಗೆ (ಮರಳು), ಕೆಳಗೆ ಚಿರೆಕಲ್ಲು (ಜಂಬಿಟ್ಟಿಗೆ). ನೆಲ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ 4 ಮೀಟರ್ ಮೇಲಿದೆ. ಮಳೆಗಾಲ ಮುಗಿದಾಗ ಟಿಡಿಎಸ್ (ಲೀಟರ್ ನೀರಿನಲ್ಲಿ ಕರಗಿದ ಲವಣ, ಮಿಲಿಗ್ರಾಂನಲ್ಲಿ) ಮೀಟರ್ 180 ತೋರಿಸುತ್ತದೆ, ಫೆಬ್ರವರಿಯಲ್ಲಿ 600, ಏಪ್ರಿಲ್ ಕೊನೆಗೆ 1,900. ಅಮಾವಾಸ್ಯೆ ಉಬ್ಬರದ ದಿನ 2,400 ತನಕ ಹೋಗುತ್ತದೆ. 1 ಎಚ್‌ಪಿ ಪಂಪ್ ಇದೆ, ಬೆಳಿಗ್ಗೆ ಒಂದೇ ಸಮನೆ ಒಂದೂವರೆ ತಾಸು ಓಡುತ್ತದೆ. ಮನೆಯಲ್ಲಿ ಐದು ಜನ, ಹಿತ್ತಲಲ್ಲಿ ತೆಂಗು, ಸ್ವಲ್ಪ ಅಡಿಕೆ.

ಕೇಳಬೇಕಾದದ್ದು ಇಷ್ಟು. ಈ ನೀರನ್ನು ಕುದಿಸಿ ಕುಡಿದರೆ ಆಗುತ್ತದೆಯೇ? ಕುಡಿಯಲು ಆಗದಿದ್ದರೂ ಸ್ನಾನಕ್ಕೆ, ಬಟ್ಟೆಗೆ, ಪಾಯಖಾನೆಗೆ ಸವಳು ನೀರನ್ನೇ, ಬೇಕಾದರೆ ಹೊಳೆಯ ಉಪ್ಪು ನೀರನ್ನೇ ಬಳಸಿದರೆ ಏನು ಹಾಳಾಗುತ್ತದೆ? ಮನೆಯ ಆರ್‌ಒ ಯಂತ್ರ ತಡೆಯುತ್ತದೆಯೇ? ಬಾವಿಯನ್ನು ಇನ್ನೆರಡು ಮೀಟರ್ ತೋಡಿಸಿದರೆ ಸಿಹಿ ಒರತೆ ಸಿಗಬಹುದು ಎನ್ನುವವರೂ ಇದ್ದಾರೆ. ತೋಡುವವರು ಬರುವುದರೊಳಗೆ ತಿಳಿದವರು ಹೇಳಿ.

ಸಿಲ್ವರ್ ನೈಟ್ರೇಟ್ ಉತ್ತರ:

ಮೊದಲು ನಿಮ್ಮ ಅಂಕಿಗಳನ್ನೇ ಓದೋಣ. ಕಡಲ ನೀರಿನ ಒಂದು ಲೀಟರ್‌ನಲ್ಲಿ ಸುಮಾರು 35 ಗ್ರಾಂ ಕರಗಿದ ಲವಣ ಇರುತ್ತದೆ, ಅಂದರೆ ಟಿಡಿಎಸ್ 35,000. ಅದರಲ್ಲಿ ಕ್ಲೋರೈಡ್ ಸುಮಾರು 19 ಗ್ರಾಂ, ಸೋಡಿಯಂ 10.8 ಗ್ರಾಂ, ಸಲ್ಫೇಟ್ 2.7 ಗ್ರಾಂ, ಮೆಗ್ನೀಸಿಯಂ 1.3 ಗ್ರಾಂ, ಕ್ಯಾಲ್ಸಿಯಂ 0.4 ಗ್ರಾಂ. ನಿಮ್ಮ ಬಾವಿ ಮಳೆ ಮುಗಿದಾಗ 180, ಏಪ್ರಿಲ್‌ನಲ್ಲಿ 1,900. ನಡುವಿನ 1,720 ಪೂರ್ತಿ ಕಡಲಿನದು ಎಂದು ಹಿಡಿದು 35,000ದಿಂದ ಭಾಗಿಸಿದರೆ ಸುಮಾರು ಶೇ. 5. ನೂರು ಕೊಡ ಬಾವಿ ನೀರಿನಲ್ಲಿ ಐದು ಕೊಡ ಕಡಲು. 2,400 ಬಂದ ದಿನ ಆರು ಕೊಡಕ್ಕಿಂತ ಸ್ವಲ್ಪ ಹೆಚ್ಚು.

ಐದು ಕೊಡ ತಾನೆ ಎನ್ನಬೇಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1,000. ಟಿಡಿಎಸ್‌ಗೆ ಇದೇ ಲೆಕ್ಕ 500 ಮತ್ತು 2,000. ನೂರಕ್ಕೆ ಎರಡು ಕೊಡ ಕಡಲ ನೀರು ಸೇರಿದರೆ ಸಾಕು, ಕ್ಲೋರೈಡ್ 380 ಆಗಿ ಮೊದಲ ಗೆರೆ ದಾಟಿರುತ್ತದೆ. ನಿಮ್ಮದು ಏಪ್ರಿಲ್‌ನಲ್ಲಿ 930 ಹತ್ತಿರ, ಅಮಾವಾಸ್ಯೆಗೆ 1,200. ಅಂದರೆ ಎರಡನೇ ಗೆರೆಯೂ ದಾಟಿತು.

ಅಪ್ಪಟ ಕಡಲ ನೀರು ಕುಡಿದರೆ ಬಾಯಾರಿಕೆ ಹೆಚ್ಚುವುದು ಯಾಕೆಂದರೆ, ನಮ್ಮ ಮೂತ್ರಪಿಂಡಕ್ಕೆ ಅಷ್ಟು ದಟ್ಟವಾಗಿ ಉಪ್ಪನ್ನು ಹೊರಗೆ ಹಾಕುವ ಶಕ್ತಿ ಇಲ್ಲ. ಎಷ್ಟೇ ಗಟ್ಟಿ ಮೂತ್ರವಾದರೂ ಅದರಲ್ಲಿ ಉಪ್ಪು ಶೇ. 2ರ ಆಸುಪಾಸು, ಕಡಲಿನದು ಶೇ. 3.5. ಒಂದು ಲೀಟರ್ ಕುಡಿದರೆ ಅದರ ಉಪ್ಪನ್ನು ತಳ್ಳಲು ಒಂದೂವರೆ ಲೀಟರಿಗಿಂತ ಹೆಚ್ಚು ಮೂತ್ರ ಬೇಕು. ಕಡಿಮೆ ಬಿದ್ದ ಅರ್ಧ ಲೀಟರಿಗೂ ಹೆಚ್ಚು ಮೈಯೊಳಗಿನ ನೀರಿನಿಂದಲೇ ಹೋಗಬೇಕು. ಇನ್ನೊಂದು ಏಟು ಮೆಗ್ನೀಸಿಯಂನದು. ಒಂದು ಲೀಟರ್‌ನಲ್ಲಿರುವ ಮೆಗ್ನೀಸಿಯಂ 13 ಗ್ರಾಂ ಎಪ್ಸಮ್ ಉಪ್ಪಿನಲ್ಲಿರುವಷ್ಟು, ಅದು ಭೇದಿಗೆ ಕೊಡುವ ಪ್ರಮಾಣ. ಹೊಟ್ಟೆ ಜಾಡಿಸಿ ಇನ್ನಷ್ಟು ನೀರು ಹೋಗುತ್ತದೆ. ದೋಣಿಯಲ್ಲಿ ಸಿಹಿ ನೀರು ಮುಗಿದಾಗ ಇದ್ದದ್ದಕ್ಕೆ ಕಡಲ ನೀರು ಬೆರೆಸಿ ಹೆಚ್ಚು ಮಾಡಿಕೊಳ್ಳಬಾರದು ಎನ್ನುವುದೂ ಇದೇ ಕಾರಣಕ್ಕೆ.

ನಿಮ್ಮ ಬಾವಿ ನೀರು ಅಷ್ಟು ಕೆಟ್ಟದ್ದಲ್ಲ, ಕುಡಿದ ದಿನವೇ ಏನೂ ಆಗುವುದಿಲ್ಲ. ತೊಂದರೆ ದಿನದಿನದ್ದು. 1,900ರ ನೀರಿನಲ್ಲಿ ಲೀಟರಿಗೆ ಸುಮಾರು 530 ಮಿಲಿಗ್ರಾಂ ಸೋಡಿಯಂ ಬಂದಿದೆ. ಸೆಖೆಗೆ ಮೂರು ಲೀಟರ್ ಕುಡಿದರೆ 1.6 ಗ್ರಾಂ ಸೋಡಿಯಂ, ಅಂದರೆ 4 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ಊಟ, ಉಪ್ಪಿನಕಾಯಿ, ಒಣಮೀನು ಎಲ್ಲ ಸೇರಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಬರೀ ನೀರಿನಲ್ಲೇ ನಾಲ್ಕು ಮುಗಿಯಿತು. ರಕ್ತದೊತ್ತಡ ಇರುವವರು, ಬಸುರಿಯರು, ಮೂತ್ರಪಿಂಡದ ತೊಂದರೆ ಇರುವವರು ಈ ನೀರನ್ನು ಕುಡಿಯಲೇಬಾರದು. ಮಗುವಿನ ಹಾಲಿನ ಪುಡಿ ಕಲಸಲೂ ಬೇಡ. ಓಆರ್‌ಎಸ್ ಪೊಟ್ಟಣದ ವಿಷಯ ಬಹಳ ಜನ ಯೋಚಿಸುವುದಿಲ್ಲ: ಅದರಲ್ಲಿ ಉಪ್ಪಿನ ಅಳತೆ ಒಂದು ಲೀಟರ್ ಸಿಹಿ ನೀರಿಗೆ ಕೂಡಿಸಿದ್ದು. ಸವಳು ನೀರಿಗೆ ಹಾಕಿದರೆ ಅಳತೆ ಮೀರುತ್ತದೆ, ಭೇದಿಯಾದ ಮಗುವಿಗೆ ಅದು ಅಪಾಯ.

ಕುದಿಸುವ ವಿಷಯ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಉಪ್ಪು ಅಲ್ಲೇ ಇರುತ್ತದೆ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ನಡೆಯುವುದೂ ಅದೇ: ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಟ್ಟು ಹೋಗುತ್ತದೆ. 10 ಲೀಟರ್ 1,900ರ ನೀರನ್ನು 8 ಲೀಟರ್ ಆಗುವ ತನಕ ಕುದಿಸಿದರೆ ಕೈಗೆ ಬರುವುದು 2,300 ಮೇಲಿನ ನೀರು. ಬಟ್ಟೆಯಲ್ಲಿ ಸೋಸುವುದು, ಮಡಕೆಯಲ್ಲಿಡುವುದು, ಸ್ಫಟಿಕ ತಿರುಗಿಸುವುದು, ಇದ್ದಲಿನ ಫಿಲ್ಟರ್, ಬ್ಲೀಚಿಂಗ್ ಪುಡಿ ಯಾವುದೂ ಕರಗಿದ ಉಪ್ಪನ್ನು ಮುಟ್ಟುವುದಿಲ್ಲ.

ಒಂದು ಎಚ್ಚರಿಕೆ ಮೀಟರ್ ಬಗ್ಗೆ. ಅದು ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ ಒಂದು ಅಂಶದಿಂದ ಗುಣಿಸುತ್ತದೆ. ಕೆಲವು ಮೀಟರ್ 0.5ರಿಂದ, ಕೆಲವು 0.7ರಿಂದ. ಹಾಗಾಗಿ ಎರಡು ಮೀಟರ್ ಎರಡು ಹೇಳಬಹುದು, ಒಂದೇ ಮೀಟರ್‌ನಲ್ಲಿ ವರ್ಷವಿಡೀ ಬರೆದಿಡಿ. ಕ್ಲೋರೈಡ್ ಖಚಿತವಾಗಿ ತಿಳಿಯಲು ಪಂಚಾಯ್ತಿಯ ನೀರು ಪರೀಕ್ಷಾ ಕಿಟ್ ಕೇಳಿ. ನೀರಿಗೆ ಪೊಟ್ಯಾಸಿಯಂ ಕ್ರೋಮೇಟ್ ಹಾಕಿದರೆ ಹಳದಿ ಆಗುತ್ತದೆ. ಆಮೇಲೆ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಡುತ್ತ ಅಲ್ಲಾಡಿಸಬೇಕು. ಬಿದ್ದಲ್ಲಿ ಕೆಂಪು ಮೂಡಿ ಮಾಯವಾಗುತ್ತಿರುತ್ತದೆ, ಒಂದು ಹನಿಗೆ ಇಡೀ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿ ಹಾಗೇ ನಿಲ್ಲುತ್ತದೆ. ಅಲ್ಲಿಗೆ ಎಷ್ಟು ಹನಿ ಎಂದು ಲೆಕ್ಕ ಹಾಕಿ, ಕಿಟ್‌ನ ಪಟ್ಟಿಯಲ್ಲಿ ನೋಡಿದರೆ ಕ್ಲೋರೈಡ್ ಸಿಗುತ್ತದೆ.

ಹಂಡೆಒಲೆ ಉತ್ತರ:

ಕುಡಿಯುವುದರ ಬಗ್ಗೆ ಮೇಲೆ ಹೇಳಿ ಆಗಿದೆ. ಮನೆ ಬಳಕೆಯದು ನಾನು ಬರೆಯುತ್ತೇನೆ, ಅಲ್ಲಿ ಕೆಡುವುದು ಒಂದೆರಡಲ್ಲ.

ಸೋಪಿನಿಂದ ಶುರು ಮಾಡೋಣ. ಕಡಲ ನೀರಿನ ಗಡಸುತನ ಲೀಟರಿಗೆ 6,000 ಮಿಲಿಗ್ರಾಂ ಮೇಲೆ, ಕುಡಿಯುವ ನೀರಿಗೆ ಒಪ್ಪುವುದು 200. ಸೋಪು ಎಂದರೆ ಎಣ್ಣೆಯ ಆಮ್ಲದ ಸೋಡಿಯಂ ಲವಣ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದು ಕರಗದ ಜಿಡ್ಡು ಮಾಡುತ್ತವೆ. ಬಕೆಟ್ಟಿನ ಅಂಚಿಗೆ ಬೂದು ಬಣ್ಣದಲ್ಲಿ ಸುತ್ತಲೂ ಕಟ್ಟುವ ಪಟ್ಟಿ, ಕೂದಲಿಗೆ ಮೇಣದಂತೆ ಅಂಟುವುದು ಇದೇ. ಜೊತೆಗೆ ಅಷ್ಟು ಉಪ್ಪಿರುವಲ್ಲಿ ಸೋಪೇ ಸರಿಯಾಗಿ ಕರಗುವುದಿಲ್ಲ. ತೆಂಗಿನೆಣ್ಣೆಯ ಸೋಪು ಮಾತ್ರ ಉಪ್ಪು ನೀರಿನಲ್ಲೂ ಸ್ವಲ್ಪ ನೊರೆ ಕೊಡುತ್ತದೆ. ಹಡಗಿನವರು ಬಳಸುವ ಸೋಪು ತೆಂಗಿನೆಣ್ಣೆಯಿಂದ ಮಾಡಿದ್ದು ಅದಕ್ಕೇ. ನಿಮ್ಮ ಶೇ. 5ರ ನೀರಿಗೆ ಗಡಸುತನ 300 ದಾಟಿರುತ್ತದೆ, ಸ್ನಾನ ಆಗುತ್ತದೆ. ಕೊನೆಗೆ ಒಂದೆರಡು ತಂಬಿಗೆ ಸಿಹಿ ನೀರು ಹಾಕಿಕೊಂಡರೆ ಅಂಟು ಹೋಗುತ್ತದೆ.

ಬಟ್ಟೆಗೆ ಬಾರ್ ಸೋಪಿಗಿಂತ ಡಿಟರ್ಜೆಂಟ್ ಪುಡಿ ಒಳ್ಳೆಯದು, ಅದು ಗಡಸು ನೀರಿಗೆ ಅಷ್ಟು ಹೆದರುವುದಿಲ್ಲ. ಆದರೆ ಹೊಳೆಯ ಉಪ್ಪು ನೀರಿನಲ್ಲಿ ಒಗೆದು ಹಾಗೇ ಒಣಗಿಸಿದರೆ ಬಟ್ಟೆ ಒಣಗಿಯೂ ಒಣಗುವುದಿಲ್ಲ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಎಳೆಯುತ್ತದೆ. ಮಧ್ಯಾಹ್ನ ಗರಿಗರಿಯಾಗಿದ್ದ ಪಂಚೆ ಸಂಜೆ ಮುಟ್ಟಿದರೆ ತಣ್ಣಗೆ ಒದ್ದೆ. ನಮ್ಮ ಕರಾವಳಿಯ ಗಾಳಿಗಂತೂ ಹೇಳುವುದೇ ಬೇಡ. ನೆಲ ಒರೆಸಿದರೂ ಅದೇ ಕಥೆ, ಅಂಟಂಟು, ಗೋಡೆಯ ಬುಡದಲ್ಲಿ ಬಿಳಿ ಪುಡಿ. ಸವಳು ನೀರಲ್ಲಿ ತೊಳೆದರೂ ಪರವಾಗಿಲ್ಲ, ಕೊನೆಯ ಜಾಲಾಡುವ ನೀರು ಸಿಹಿಯಾಗಿರಲಿ.

ಅಡುಗೆಯಲ್ಲಿ ಬೇಳೆ ಮೊದಲು ದೂರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಪೆಕ್ಟಿನ್‌ಗೆ ಅಂಟಿ ಅದನ್ನು ಬಿಗಿಯುತ್ತವೆ, ಎಷ್ಟು ಸೀಟಿ ಹಾಕಿಸಿದರೂ ತೊಗರಿ ಕರಗುವುದಿಲ್ಲ. ಕಡಲ ನೀರನ್ನೇ ಸಾರಿಗೆ ಹಾಕಿ ಉಪ್ಪು ಉಳಿಸೋಣ ಎಂಬ ಯೋಚನೆ ಇದ್ದರೆ: ಒಂದು ಲೀಟರ್ ಸಾರಿಗೆ ನಾವು ಹಾಕುವುದು ಹೆಚ್ಚೆಂದರೆ 10 ಗ್ರಾಂ ಉಪ್ಪು, ಕಡಲಲ್ಲಿ ಇರುವುದು 35, ಅದೂ ಕಹಿ ಮೆಗ್ನೀಸಿಯಂ ಸಮೇತ. ಆಗರದವರು ಉಪ್ಪು ಕೂತ ಮೇಲೆ ಉಳಿದ ಕಹಿ ನೀರನ್ನು ಬೇರೆ ಬಿಡುತ್ತಾರೆ, ಹಾಗಾಗಿಯೇ ಆಗರದ ಉಪ್ಪು ತಿನ್ನಲು ಬರುತ್ತದೆ. ಅಳಿವೆಯ ನೀರಿನಲ್ಲಿ ಊರಿನ ಕೊಳಚೆ, ದೋಣಿಯ ಡೀಸೆಲ್ ಸೇರಿರುವುದು ಬೇರೆ.

ಇನ್ನು ಲೋಹ. ಕ್ಲೋರೈಡ್ ಎಲ್ಲ ಕಡೆ ಒಂದೇ ಸಮ ತಿನ್ನುವುದಿಲ್ಲ, ಒಂದು ಚುಕ್ಕೆ ಹಿಡಿದು ಒಳಗೆ ಕೊರೆಯುತ್ತದೆ. ಅಲ್ಯೂಮಿನಿಯಂ ಕುಕ್ಕರಿನ ತಳದಲ್ಲಿ ಮೊದಲು ಬಿಳಿ ಚುಕ್ಕೆ, ಉಗುರಿನಿಂದ ಕೆರೆದರೆ ಅದರ ಕೆಳಗೆ ಸೂಜಿ ಚುಚ್ಚಿದಂಥ ಗುಂಡಿ. ಸಾಮಾನ್ಯ 304 ದರ್ಜೆಯ ಸ್ಟೀಲ್ ಕೂಡ ಇದಕ್ಕೆ ಹೊರತಲ್ಲ, ಅದರಲ್ಲೂ ಬೆಸುಗೆಯ ಅಂಚಿನಲ್ಲಿ ಮತ್ತು ರಾತ್ರಿಯಿಡೀ ನೀರು ನಿಂತಲ್ಲಿ. ಪಾತ್ರೆ ತೊಳೆದು ಒರೆಸಿ ಬೋರಲಾಗಿ ಇಡಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಚೂಡಿಯ, ಅಂದರೆ ತಿರುಪು ಕೊರೆದ ತುದಿಯ, ಹತ್ತಿರ ಮೊದಲು ಹೋಗುತ್ತದೆ, ಅಲ್ಲಿ ಸತುವಿನ ಲೇಪ ಕಡಿದಿರುತ್ತದೆ. ತಣ್ಣೀರಿಗೆ ಯುಪಿವಿಸಿ, ಬಿಸಿನೀರಿಗೆ ಸಿಪಿವಿಸಿ ಹಾಕಿಸಿದರೆ ಈ ತಲೆನೋವು ಇಲ್ಲ.

ಗೀಸರ್ ಇದ್ದರೆ ಒಳಗೆ ಮೆಗ್ನೀಸಿಯಂ ರಾಡ್ ಒಂದಿರುತ್ತದೆ, ಟ್ಯಾಂಕಿನ ಬದಲು ತಾನು ಸವೆಯಲಿಕ್ಕೆ. ಸಿಹಿ ನೀರಿನಲ್ಲಿ ವರ್ಷಗಟ್ಟಲೆ ಬರುವ ರಾಡ್ ಸವಳು ನೀರಿನಲ್ಲಿ ಬೇಗ ಕರಗುತ್ತದೆ. ಆರು ತಿಂಗಳಿಗೊಮ್ಮೆ, ಅಂದರೆ ಬೇಸಿಗೆಗೆ ಮುಂಚೆ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಬಿಚ್ಚಿ ನೋಡಿ. ಒಳಗಿನ ತಂತಿ ಕಾಣುತ್ತಿದ್ದರೆ ಬದಲಿಸಿ. ಇನ್ವರ್ಟರ್ ಬ್ಯಾಟರಿಗೆ ಬಾವಿ ನೀರು ಹನಿಯೂ ಬೇಡ; ಕ್ಲೋರೈಡ್ ಒಳಗಿನ ಸೀಸದ ಫಲಕ ತಿನ್ನುತ್ತದೆ.

ಪಾಯಖಾನೆಗೆ ಕಡಲ ನೀರು ಆಗುವುದಿಲ್ಲ ಎಂದೇನಿಲ್ಲ. ಹಾಂಕಾಂಗ್‌ನಲ್ಲಿ 1950ರ ದಶಕದಿಂದ ಅದನ್ನೇ ಬಳಸುತ್ತಾರೆ, ಈಗ ಅಲ್ಲಿನ ಶೇ. 85ರಷ್ಟು ಜನಕ್ಕೆ. ಆದರೆ ಅಲ್ಲಿ ಅದಕ್ಕೆ ಬೇರೆಯದೇ ಪೈಪು, ಕೊನೆಗೆ ದೊಡ್ಡ ಶುದ್ಧೀಕರಣ ಘಟಕ. ನಮ್ಮದು ಸಿಮೆಂಟ್ ರಿಂಗಿನ ಗುಂಡಿ. ಕಡಲ ನೀರಿನ ಸಲ್ಫೇಟ್ ಗಾಳಿಯಿಲ್ಲದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮೊದಲು ಬರುತ್ತದೆ, ಆಮೇಲೆ ನೀರಿನ ಮಟ್ಟಕ್ಕಿಂತ ಮೇಲಿನ ಸಿಮೆಂಟ್ ಪುಡಿಯಾಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಆ ಉಪ್ಪು ನೀರು ಇಂಗುವುದು ನಿಮ್ಮದೇ ಬಾವಿಯ ಕಡೆಗೆ. ಹಾಗಾಗಿ ಹೊಳೆಯ ನೀರು ಬೇಡ, ಬಟ್ಟೆ ಜಾಲಾಡಿದ ನೀರನ್ನು ಪಾಯಖಾನೆಗೆ ಹಾಕಿ.

ಮನೆ ರಿಪೇರಿ ಇದ್ದರೆ ಅದನ್ನೂ ಹೇಳಿಬಿಡುತ್ತೇನೆ. ಕಾಂಕ್ರೀಟ್‌ನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕಬ್ಬಿಣ ಹಾಕಿದ ಕಾಂಕ್ರೀಟ್ ಕಲಸುವ ನೀರಿನಲ್ಲಿ ಕ್ಲೋರೈಡ್ 500 ಮೀರಬಾರದು. ನಿಮ್ಮ ಏಪ್ರಿಲ್ ನೀರು ಅದಕ್ಕೂ ಬರುವುದಿಲ್ಲ. ಸ್ಲ್ಯಾಬ್ ಹಾಕುವುದಿದ್ದರೆ ಬಾವಿ ಸಿಹಿಯಿರುವ ನವೆಂಬರ್, ಡಿಸೆಂಬರ್‌ನಲ್ಲಿ ಹಾಕಿಸಿ.

ಒರತೆ ಉತ್ತರ:

ಬೇಲೆಮನೆಯವರೇ, ತೋಡುವವರಿಗೆ ಇವತ್ತೇ ಫೋನ್ ಮಾಡಿ ಬೇಡ ಎನ್ನಿ. ನೀವು ಕೊಟ್ಟ ಅಳತೆಗೆ ಎರಡು ಮೀಟರ್ ತೋಡಿದರೆ ನೇರ ಉಪ್ಪಿಗೆ ಇಳಿಯುತ್ತೀರಿ.

ಕಡಲಂಚಿನ ನೆಲದಲ್ಲಿ ಮಳೆಯ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿ ನೀರಿನ ಸಾಂದ್ರತೆ 1.000, ಕಡಲಿನದು 1.025. ಈ ಅಲ್ಪ ವ್ಯತ್ಯಾಸದಿಂದ ಬರುವ ಲೆಕ್ಕ: ಅಂತರ್ಜಲ ಸಮುದ್ರಮಟ್ಟಕ್ಕಿಂತ ಎಷ್ಟು ಮೇಲಿದೆಯೋ ಅದರ 40 ಪಟ್ಟು ಕೆಳಗಿನವರೆಗೆ ಸಿಹಿ ನೀರು ಇರುತ್ತದೆ. ಡಚ್ಚರ ಬಾಡೋನ್ ಗೈಬೆನ್ 1880ರ ದಶಕದ ಕೊನೆಯಲ್ಲಿ, ಜರ್ಮನಿಯ ಹರ್ಟ್ಸ್‌ಬರ್ಗ್ 1901ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡದ್ದು. ಮಳೆ ಮುಗಿದಾಗ ನಿಮ್ಮಲ್ಲಿ ನೀರು ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಕೆಳಗೆ 40 ಮೀಟರ್ ಸಿಹಿ. ಮೇ ತಿಂಗಳಲ್ಲಿ ಅದು 10 ಸೆಂಟಿಮೀಟರ್‌ಗೆ ಇಳಿದರೆ ಕೆಳಗೆ ಉಳಿಯುವುದು 4 ಮೀಟರ್. ನಿಮ್ಮ ನೆಲ 4 ಮೀಟರ್ ಎತ್ತರ, ಬಾವಿ 7 ಮೀಟರ್. ತಳ ಈಗಲೇ ಸಮುದ್ರಮಟ್ಟಕ್ಕಿಂತ 3 ಮೀಟರ್ ಕೆಳಗಿದೆ. ಇನ್ನೆರಡು ತೋಡಿದರೆ 5. ಲೆಕ್ಕದ ಗಡಿ 4. ಗಡಿ ಎಂದರೂ ಅದು ಗೆರೆ ಎಳೆದಂತೆ ಇರುವುದಿಲ್ಲ, ನಡುವೆ ಬೆರಕೆ ನೀರಿನ ದಪ್ಪ ಪದರ ಇರುತ್ತದೆ. ಉಬ್ಬರ-ಇಳಿತಕ್ಕೆ ಅದು ಮೇಲೆ ಕೆಳಗೆ ಆಡುತ್ತದೆ. ನಿಮಗೆ ಈಗ ಬರುತ್ತಿರುವುದು ಆ ಪದರದ ನೀರು.

ಎರಡನೇ ತಪ್ಪು ಪಂಪಿನದು. 1 ಎಚ್‌ಪಿ ಪಂಪ್ ಆ ಎತ್ತರಕ್ಕೆ ತಾಸಿಗೆ 5,000 ಲೀಟರ್ ಮೇಲೆ ಎತ್ತುತ್ತದೆ. 2 ಮೀಟರ್ ಅಗಲದ ಬಾವಿಯಲ್ಲಿ ಒಂದು ಮೀಟರ್ ನೀರೆಂದರೆ 3,140 ಲೀಟರ್ ಅಷ್ಟೇ. ಒಂದೂವರೆ ತಾಸು ಬಿಡದೆ ಎಳೆದರೆ ಮಟ್ಟ ಕುಸಿಯುತ್ತದೆ, ಮೇಲಿನ ಭಾರ ತಪ್ಪಿದ ಉಪ್ಪು ನೀರು ಬಾವಿಯ ಕೆಳಗೆ ಗೋಪುರದಂತೆ ಎದ್ದು ಬರುತ್ತದೆ. ಎದ್ದದ್ದು ಪಂಪ್ ನಿಲ್ಲಿಸಿದ ತಕ್ಷಣ ಇಳಿಯುವುದಿಲ್ಲ, ದಿನಗಳು ಬೇಕು. ಮರುದಿನ ಬೆಳಿಗ್ಗೆ ಮತ್ತೆ ಎಳೆಯುತ್ತೀರಿ. ಹೀಗೆ ಮಾರ್ಚ್‌ನಿಂದ ಮೇ ತನಕ ದಿನಾ ಒಂದಿಷ್ಟು ಮೇಲೆ ಬರುತ್ತಲೇ ಇರುತ್ತದೆ.

ಮಾಡಬೇಕಾದದ್ದು ಹೀಗೆ. ಪಂಪ್ ಅರ್ಧ ಎಚ್‌ಪಿಗೆ ಇಳಿಸಿ. ಆಗದಿದ್ದರೆ ಇದನ್ನೇ 10 ನಿಮಿಷ ಓಡಿಸಿ ಎರಡು ತಾಸು ಬಿಡಿ, ದಿನಕ್ಕೆ ಮೂರು ಸಲ ಸಾಕು. ಐದು ಜನರ ಮನೆಗೆ ತಲೆಗೆ 135 ಲೀಟರ್‌ನಂತೆ 675 ಲೀಟರ್ ಬೇಕು, ಉಳಿದದ್ದೆಲ್ಲ ಹಿತ್ತಲಿಗೆ ಹೋಗುತ್ತಿದೆ. ಫುಟ್ ವಾಲ್ವ್ (ಹೀರುಪೈಪಿನ ಕೆಳತುದಿಯ ಕವಾಟ) ತಳದಲ್ಲಿದ್ದರೆ ಮೇಲೆ ತನ್ನಿ: ಬಗ್ಗುವ ಹೀರುಪೈಪು ಹಾಕಿ, ಗಾಳಿ ಬಿಗಿದ ಡಬ್ಬಕ್ಕೆ ಕಟ್ಟಿ, ನೀರಿನ ಮೇಲ್ಮೈಗಿಂತ ಅರ್ಧ ಮೀಟರ್ ಕೆಳಗೆ ತೇಲುವಂತೆ ಬಿಡಿ. ತೀರಾ ಮೇಲೆ ಇಟ್ಟರೆ ಸುಳಿ ಎದ್ದು ಗಾಳಿ ಎಳೆಯುತ್ತದೆ, ಪಂಪ್ ಬಿಸಿಯಾಗುತ್ತದೆ. ಹಗುರವಾದ ಸಿಹಿ ನೀರು ಮೇಲೇ ಇರುತ್ತದೆ; ಬಾಟಲಿಗೆ ಕಲ್ಲು ಕಟ್ಟಿ ಮೇಲಿನ ನೀರು, ತಳದ ನೀರು ಬೇರೆ ಬೇರೆ ತೆಗೆದು ಮೀಟರ್ ಹಿಡಿದರೆ ನಿಮಗೇ ಕಾಣುತ್ತದೆ. ತಳದಲ್ಲಿ ತೀರಾ ಹೆಚ್ಚಿದ್ದರೆ ತೋಡುವುದರ ಬದಲು ತುಂಬಿಸಿ. ತೊಳೆದ ಚಿರೆಕಲ್ಲಿನ ಚೂರು, ಅದರ ಮೇಲೆ ದಪ್ಪ ಹೊಯಿಗೆ, ಒಟ್ಟು ಒಂದು ಮೀಟರ್. ಬಾವಿಯ ಆಳ ಕಡಿಮೆ ಮಾಡುವುದು ಕೇಳಲು ವಿಚಿತ್ರ, ಕಡಲಂಚಿಗೆ ಅದೇ ಸರಿ.

ನೀರು ಎಳೆಯುವ ಹೊತ್ತೂ ಮುಖ್ಯ. ಅಳಿವೆಯ ಉಬ್ಬರ ಬಾವಿಗೆ ಮುಟ್ಟಲು ಸಮಯ ಹಿಡಿಯುತ್ತದೆ, ಎಷ್ಟು ಎನ್ನುವುದು ಬಾವಿಯಿಂದ ಬಾವಿಗೆ ಬೇರೆ. ಒಂದು ದಿನ ಬೆಳಗಿನಿಂದ ರಾತ್ರಿ ತನಕ ತಾಸಿಗೊಮ್ಮೆ ಟಿಡಿಎಸ್ ಮತ್ತು ನೀರಿನ ಮಟ್ಟ ಎರಡನ್ನೂ ಬರೆಯಿರಿ. ಕಡಿಮೆ ಬರುವ ತಾಸು ಸಿಕ್ಕರೆ, ಕೊಡ ತುಂಬಿಸುವುದು ಆಗಲೇ.

ಇಂಗುಗುಂಡಿ ಬಗ್ಗೆ ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಜುಲೈಯಲ್ಲಿ ಬಾವಿ ಕಟ್ಟೆಯ ಹತ್ತಿರ ತುಂಬಿರುವಾಗ ಇಂಗಿಸಲು ಜಾಗವೇ ಇಲ್ಲ, ಹೊಯಿಗೆಯಲ್ಲಿ ಇಂಗಿದ್ದು ಡಿಸೆಂಬರ್ ಹೊತ್ತಿಗೆ ಹೊಳೆಗೆ ಇಳಿದುಹೋಗಿರುತ್ತದೆ. ಹೆಚ್ಚು ಉಪಯೋಗ ಅಕ್ಟೋಬರ್‌ನ ಕೊನೆಯ ಮಳೆಯನ್ನು ತಡೆದರೆ. ಅದಕ್ಕಿಂತ ದೊಡ್ಡದು ಗಜನಿಯ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಯ, ಒಡ್ಡು. ಒಡ್ಡಿನ ಬಾಗಿಲು ಸೋರಿ ಉಬ್ಬರದ ನೀರು ಬೇಸಿಗೆಯಿಡೀ ಗದ್ದೆಯಲ್ಲಿ ನಿಂತರೆ ಕಡಲು 300 ಮೀಟರ್ ದೂರದಲ್ಲಿಲ್ಲ, ಹಿತ್ತಲ ಬೇಲಿಗೇ ಬಂದಿದೆ. ಹತ್ತಿರದಲ್ಲಿ ಸಿಗಡಿ ಕೆರೆ ಇದ್ದರೂ ಅದೇ ಮಾತು. ಒಬ್ಬರ ಬಾವಿಯಿಂದ ಬಗೆಹರಿಯುವ ಕೆಲಸವಲ್ಲ, ಗಜನಿಯ ರೈತರೆಲ್ಲ ಕೂತು ಬಾಗಿಲಿನ ಹಲಗೆ ನೋಡಬೇಕು.

ಅಡಿಕೆಗೆ ಏಪ್ರಿಲ್‌ನ ಈ ನೀರು ಬಿಡಬೇಡಿ, ಎಲೆಯ ತುದಿ ಸುಟ್ಟಂತಾಗುತ್ತದೆ. ತೆಂಗು ತಡೆದುಕೊಳ್ಳುತ್ತದೆ.

ಬೇಲೆಮನೆ:

ತೋಡುವ ಕೆಲಸ ನಿಲ್ಲಿಸಿದೆ. ಆರ್‌ಒ ಬಗ್ಗೆ ಯಾರಾದರೂ ಹೇಳಿ. ಅಂಗಡಿಯಲ್ಲಿ ಆರ್‌ಒ ಬೇಡ, ಇಡೀ ಮನೆಗೆ ಸಾಫ್ಟನರ್ ಹಾಕಿ, ನೀರು ಸಿಹಿಯಾಗುತ್ತದೆ ಎನ್ನುತ್ತಿದ್ದಾರೆ.

ಪೊರೆ ಉತ್ತರ:

ಸಾಫ್ಟನರ್ ಗಡಸುತನಕ್ಕೆ ಮಾತ್ರ. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದು ಬದಲಿಗೆ ಸೋಡಿಯಂ ಬಿಡುತ್ತವೆ. ಸೋಪು ನೊರೆ ಕೊಡುತ್ತದೆ, ಉಪ್ಪು ಒಂದು ಚೂರೂ ಕಡಿಮೆಯಾಗುವುದಿಲ್ಲ, ಸೋಡಿಯಂ ಇನ್ನೂ ಏರುತ್ತದೆ. ಮಣಿಗಳನ್ನು ತೊಳೆಯಲು ನೀವೇ ಚೀಲಗಟ್ಟಲೆ ಉಪ್ಪು ತಂದು ಹಾಕಬೇಕು, ಆ ಉಪ್ಪು ನೀರು ಮತ್ತೆ ನಿಮ್ಮ ನೆಲಕ್ಕೆ. ನಿಮ್ಮ ತೊಂದರೆಗೆ ಇದು ಮದ್ದಲ್ಲ.

ಮನೆಯ ಆರ್‌ಒ ನಿಮ್ಮ ಬಾವಿಗೆ ಅಂಚಿನಲ್ಲಿ ನಿಂತಿದೆ. ಬಹುತೇಕ ಮನೆ ಯಂತ್ರಗಳನ್ನು ಟಿಡಿಎಸ್ 2,000ದ ತನಕ ಎಂದು ಮಾಡಿರುತ್ತಾರೆ. ಕಾರಣ ಒತ್ತಡ. ಉಪ್ಪು ನೀರಿನಿಂದ ಸಿಹಿ ನೀರನ್ನು ಪೊರೆಯ ಆಚೆ ತಳ್ಳಲು ಮೊದಲು ಅದರ ಆಸ್ಮಾಟಿಕ್ ಒತ್ತಡ (ಸಿಹಿ ನೀರನ್ನು ಪೊರೆಯ ಮೂಲಕ ತನ್ನತ್ತ ಎಳೆಯುವ ಬಲ) ಮೀರಬೇಕು. 1,900ರ ನೀರಿಗೆ ಅದು ಸುಮಾರು 1.5 ಬಾರ್, ಮನೆ ಯಂತ್ರದ ಪಂಪ್ ಕೊಡುವುದು 4ರಿಂದ 7 ಬಾರ್, ಆಗುತ್ತದೆ. ಕಡಲ ನೀರಿಗೆ 27 ಬಾರ್, ಕೆಲಸ ನಡೆಯಲು 55ರಿಂದ 70 ಬೇಕು. ಅಡುಗೆಮನೆಯ ಯಂತ್ರಕ್ಕೆ ಹೊಳೆಯ ನೀರು ಹೊಯ್ದರೆ ಪಂಪ್ ಕೂಗುತ್ತಿರುತ್ತದೆ, ಆಚೆ ಹನಿಯೂ ಬರುವುದಿಲ್ಲ.

ಪೊರೆ ಚೆನ್ನಾಗಿದ್ದರೆ ಶೇ. 90ರಿಂದ 95 ಉಪ್ಪು ತಡೆಯುತ್ತದೆ: 1,900 ಹೋಗಿ 100ರಿಂದ 190. ಹೊರಬರುವ ನೀರು 300 ದಾಟಿದರೆ ಪೊರೆ ಮುಗಿಯುತ್ತ ಬಂದಿದೆ ಅಥವಾ ಟಿಡಿಎಸ್ ಹೊಂದಿಸುವ ತಿರುಪು ತೆರೆದಿದೆ ಎಂದರ್ಥ. ಆ ತಿರುಪನ್ನು ನಿಮ್ಮಂಥ ನೀರಿಗೆ ಪೂರ್ತಿ ಮುಚ್ಚಿಸಿ, ಅದು ಬಾವಿ ನೀರನ್ನೇ ಹಿಂಬದಿಯಿಂದ ಬೆರೆಸುತ್ತದೆ. ಚಿರೆಕಲ್ಲಿನ ಬಾವಿಯಲ್ಲಿ ಕಬ್ಬಿಣ ಇರುತ್ತದೆ. ನೀರು ರಾತ್ರಿ ಇಟ್ಟಾಗ ತಳದಲ್ಲಿ ಕೆಂಪು ಕೂತರೆ ಮೊದಲು ಟಾಂಕಿಯಲ್ಲಿ ಗಾಳಿಯಾಡಿಸಿ, ಹೊಯಿಗೆಯಲ್ಲಿ ಸೋಸಿ, ಆಮೇಲೆ ಯಂತ್ರಕ್ಕೆ ಬಿಡಿ. ಇಲ್ಲದಿದ್ದರೆ ಪೊರೆ ಬೇಗ ಕಟ್ಟಿಕೊಳ್ಳುತ್ತದೆ.

ಬಿಸಾಡುವ ನೀರಿನ ಲೆಕ್ಕವೂ ಗೊತ್ತಿರಲಿ. 20 ಲೀಟರ್ ಸಿಹಿ ನೀರಿಗೆ 60ರಿಂದ 80 ಲೀಟರ್ ಒಳಗೆ ಹೋಗುತ್ತದೆ. ಉಳಿದ 40ರಿಂದ 60 ಲೀಟರ್ 2,500 ಅಥವಾ ಅದಕ್ಕೂ ಮೇಲಿನ ನೀರಾಗಿ ಹೊರಬರುತ್ತದೆ. ಪಾಯಖಾನೆಗೆ ಬಳಸಿ, ಬಾವಿಯ ಸುತ್ತ ಚೆಲ್ಲಬೇಡಿ.

ಕಡಲ ನೀರನ್ನು ಸಿಹಿ ಮಾಡಲು ಆಗುವುದೇ ಇಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಆಗುತ್ತದೆ. ಚೆನ್ನೈ ಹತ್ತಿರದ ಮಿಂಜೂರಿನಲ್ಲಿ 2010ರಲ್ಲಿ ದಿನಕ್ಕೆ 10 ಕೋಟಿ ಲೀಟರ್ ಸಾಮರ್ಥ್ಯದ ಘಟಕ ಶುರುವಾಯಿತು. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ಶುರುವಾದದ್ದು ದಿನಕ್ಕೆ ಒಂದು ಲಕ್ಷ ಲೀಟರ್. ಅಲ್ಲಿ ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಕಡಲಾಳದ ತಣ್ಣೀರಿನಿಂದ ಅದನ್ನು ತಣಿಸುತ್ತಾರೆ. ಮನೆಯಲ್ಲಿ ಆವಿ ಹಿಡಿಯಲು ಹೋದರೆ ಖರ್ಚು ನೋಡಿ. ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 2,550 ಕಿಲೋಜೂಲ್. ಗ್ಯಾಸ್ ಒಲೆಯ ಬಿಸಿಯಲ್ಲಿ ಶೇ. 60 ಪಾತ್ರೆಗೆ ಸಿಗುತ್ತದೆ ಎಂದರೂ ಲೀಟರಿಗೆ 90 ಗ್ರಾಂ ಗ್ಯಾಸ್. 14.2 ಕಿಲೋದ ಸಿಲಿಂಡರಿಗೆ 150 ಲೀಟರ್ ನೀರು, ಅಷ್ಟೇ. ಬಿಸಿಲಿನ ಗಾಜಿನ ಪೆಟ್ಟಿಗೆ ಮಾಡಿದರೆ ಗ್ಯಾಸ್ ಬೇಡ, ಆದರೆ ಒಂದು ಚದರ ಮೀಟರಿಗೆ ಒಳ್ಳೆಯ ಬಿಸಿಲಿನ ದಿನ 3 ಲೀಟರ್ ಹತ್ತಿರ. ಬ್ಯಾಟರಿಗೆ ಸಾಕು, ಐದು ಜನರಿಗೆ ಸಾಲದು.

ಹಂಚಿನನೀರು ಉತ್ತರ:

ಯಂತ್ರ ತರುವ ಮೊದಲು ನಿಮ್ಮ ಮನೆಯ ಮಾಡಿನ (ಛಾವಣಿಯ) ಲೆಕ್ಕ ಹಾಕಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. 100 ಚದರ ಮೀಟರ್ ಹಂಚಿನ ಮಾಡಿನಿಂದ ಶೇ. 80 ಕೈಗೆ ಸಿಕ್ಕರೂ 2,40,000 ಲೀಟರ್. ನಿಮಗೆ ಬೇಕಿರುವುದು ಎಷ್ಟು? ಕುಡಿಯಲು, ಅಡುಗೆಗೆ ತಲೆಗೆ 8 ಲೀಟರ್, ಐದು ಜನ, ಫೆಬ್ರವರಿ ಮಧ್ಯದಿಂದ ಜೂನ್ ಮೊದಲ ವಾರದ ತನಕ 110 ದಿನ: 4,400 ಲೀಟರ್. 5,000 ಲೀಟರಿನ ಒಂದು ಟಾಂಕಿ.

ಮೊದಲ ಮಳೆಯ ನೀರು ಹಿಡಿಯಬಾರದು. ಆರು ತಿಂಗಳ ಕಡಲ ಗಾಳಿಯ ಉಪ್ಪು, ಧೂಳು, ಹಕ್ಕಿ ಹಿಕ್ಕೆ ಹಂಚಿನ ಮೇಲೆ ಕೂತಿರುತ್ತದೆ. ಜೂನ್ ಪೂರ್ತಿ ಹಂಚು ತೊಳೆಯಲಿ, ಜುಲೈಯಲ್ಲಿ ತುಂಬಿಸಿ. ಪ್ರತಿ ಸಲವೂ ಮೊದಲ 2 ಮಿಲಿಮೀಟರ್, ಅಂದರೆ ಆ ಮಾಡಿಗೆ 200 ಲೀಟರ್, ಹೊರಗೆ ಹೋಗುವಂತೆ ಮಾಡಿನಂಚಿನ ನೀರು ಹಿಡಿಯುವ ದೋಣಿಯ ಕೆಳಗೆ ಅಡ್ಡಪೈಪು, ಅದಕ್ಕೊಂದು ಮುಚ್ಚಳ. ಆಮೇಲೆ ಬಟ್ಟೆ, ಜಲ್ಲಿ, ಹೊಯಿಗೆಯ ಡ್ರಮ್ಮಿನ ಮೂಲಕ ಟಾಂಕಿಗೆ. ಟಾಂಕಿಯೊಳಗೆ ಬೆಳಕು ಹೋಗಬಾರದು, ಹೋದರೆ ಪಾಚಿ. ಗಾಳಿಪೈಪಿಗೆ, ತುಂಬಿ ಹರಿಯುವ ಪೈಪಿಗೆ ಸೊಳ್ಳೆ ಜಾಲರಿ. ಅಕ್ಟೋಬರ್‌ನಲ್ಲಿ ಕಡಿಮೆಯಾದಷ್ಟು ಮತ್ತೆ ತುಂಬಿಸಿ, 5,000 ಲೀಟರಿಗೆ 12 ಗ್ರಾಂ ಹೊಸ ಬ್ಲೀಚಿಂಗ್ ಪುಡಿ. ಪುಡಿಯನ್ನು ನೇರ ಹಾಕಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹೊಯ್ಯಿರಿ. ಕುಡಿಯುವಾಗ ಕುದಿಸಿ. ಈ ನೀರಿನಲ್ಲಿ ಉಪ್ಪಿಲ್ಲವಾದ್ದರಿಂದ ಕುದಿಸುವುದು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಪೊರೆಯವರು ಹೇಳಿದ ಆರ್‌ಒ ಬೇಡ ಎನ್ನುವುದಿಲ್ಲ. ಆದರೆ ಕರೆಂಟು ಹೋದ ಮೇ ತಿಂಗಳ ಮಧ್ಯಾಹ್ನಕ್ಕೂ ಟಾಂಕಿಯ ನಲ್ಲಿ ತಿರುಗುತ್ತದೆ.

ಬೇಲೆಮನೆ:

ಟಾಂಕಿಗೆ ಜಾಗ ಇದೆ, ಈ ಮಳೆಗಾಲಕ್ಕೇ ಕೂರಿಸುತ್ತೇವೆ. ಈ ಎರಡು ತಿಂಗಳಿಗೆ ಕುಡಿಯಲು, ಅಡುಗೆಗೆ ಪಂಚಾಯ್ತಿ ನಲ್ಲಿಯ ನೀರು ತರುತ್ತೇವೆ, ಬಾವಿ ನೀರು ಸ್ನಾನ, ಬಟ್ಟೆಗೆ ಮಾತ್ರ. ಇವತ್ತು ಬಾಟಲಿ ಇಳಿಸಿ ನೋಡಿದ್ದು: ಮೇಲಿನ ನೀರು 1,350, ತಳದ್ದು 3,100. ಫುಟ್ ವಾಲ್ವ್ ತಳದಿಂದ ಒಂದು ಗೇಣು ಮೇಲಿತ್ತು.

ಒರತೆ ಉತ್ತರ:

ಅಲ್ಲೇ ಇದೆ ನೋಡಿ ಕಾರಣ. ವಾಲ್ವ್ ಮೇಲೆತ್ತಿ, ಮೂರು ದಿನ ಪಂಪ್ ಮುಟ್ಟದೆ ಹಗ್ಗ ಗಡಗಡೆಯಲ್ಲಿ ಸೇದಿ. ನಾಲ್ಕನೇ ದಿನ ಇಳಿತದ ಹೊತ್ತಿಗೆ ಮತ್ತೆ ಮೇಲೆ, ತಳ ಎರಡೂ ಅಳೆಯಿರಿ. ತಳ 3,000ದಿಂದ ಇಳಿಯದಿದ್ದರೆ ಒಂದು ಮೀಟರ್ ತುಂಬಿಸುವ ವಿಚಾರ ಮಾಡೋಣ. ಮುಂದಿನ ಅಮಾವಾಸ್ಯೆಯ ಅಳತೆಯನ್ನೂ ಇಲ್ಲೇ ಹಾಕಿ.